ಸ್ವಂತ ಬೈಕಲ್ಲಿ ಗಡಿ ದಾಟೋರು ಪದೇ ಪದೇ ಕೇಳೋ ಪ್ರಶ್ನೆಗಳು: ನೇಪಾಳದಿಂದ ಯೂರೋಪ್ ತನಕ ಕಾಗದಪತ್ರದ ವಿಷಯ

ಟೈರ್ ಯಾವುದು ಹಾಕಿಸ್ಲಿ, ಜಾಕೆಟ್ ಯಾವುದು ತಗೊಳ್ಲಿ ಅಂತ ದಿನಕ್ಕೆ ನಾಲ್ಕು ಜನ ಕೇಳ್ತಾರೆ. ಕಾಗದಪತ್ರದ ಬಗ್ಗೆ ಫೋನ್ ಬರೋದು ಮಾತ್ರ ಗಡಿ ಗೇಟಿನ ಮುಂದೆ ನಿಂತ್ಮೇಲೇನೇ, ಅಷ್ಟೊತ್ತಿಗೆ ಇಲ್ಲಿಂದ ನಾನು ಮಾಡೋದು ಏನೂ ಉಳಿದಿರಲ್ಲ, ಅದು ನಿಜವಾಗ್ಲೂ ಬೇಜಾರಾಗೋ ವಿಷಯ. ಹಾಗಾಗಿ ಪದೇ ಪದೇ ಬರೋ ಪ್ರಶ್ನೆಗಳನ್ನೆಲ್ಲ ಇಲ್ಲಿ ಹಾಕ್ತಿದ್ದೀನಿ, ಹೊರಡೋಕೆ ಮುಂಚೆ ಒಂದ್ಸಲ ಪೂರ್ತಿ ಓದ್ಕೊಳ್ಳಿ.

ಪಾಸ್‌ಪೋರ್ಟ್, ವೀಸಾ, ಡಿಎಲ್ ಮೂರೂ ಇದೆ. ಇನ್ನೇನು ಬೇಕು?

ಆ ಮೂರೂ ನಿಮಗೆ ಸಂಬಂಧಪಟ್ಟಿದ್ದು. ಬೈಕಿಗೆ ಬೇರೆ ಬೇಕು. ಎಲ್ಲರೂ ಎಡವೋದು ಇಲ್ಲೇ. ಇಮಿಗ್ರೇಷನ್‌ನವರು ನಿಮ್ಮನ್ನ ಒಳಗೆ ಬಿಡ್ತಾರೆ, ಕಸ್ಟಮ್ಸ್‌ನವರು ಬೈಕನ್ನ ಬಿಡ್ತಾರೆ, ಎರಡೂ ಬೇರೆ ಬೇರೆ ಕೌಂಟರ್, ಬೇರೆ ಬೇರೆ ಲೆಕ್ಕ, ಒಬ್ಬರ ಸೀಲು ಇನ್ನೊಬ್ಬರಿಗೆ ನಡೆಯಲ್ಲ. ಕಸ್ಟಮ್ಸ್‌ನವರ ಕಣ್ಣಲ್ಲಿ ನಿಮ್ಮ ಬೈಕು ಸುಂಕ ಕಟ್ಟದೆ ದೇಶದೊಳಗೆ ಬಂದಿರೋ ಒಂದು ಸಾಮಾನು, ಇಂತಿಷ್ಟು ದಿನದೊಳಗೆ ಅದು ವಾಪಸ್ ಹೊರಗೆ ಹೋಗ್ಲೇಬೇಕು. ಇದೊಂದು ತಲೆಗೆ ಹೋದ್ರೆ ಮುಂದಿನ ಎಲ್ಲಾ ರೂಲ್ಸೂ ತಾನಾಗೇ ಅರ್ಥ ಆಗತ್ತೆ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದ್ರೆ ಐಡಿಪಿ, ಎಲ್ಲಿ ಮಾಡಿಸ್ಬೇಕು?

ನಿಮ್ಮ ವಿಳಾಸ ಯಾವ ಆರ್‌ಟಿಓಗೆ ಬರತ್ತೋ ಅಲ್ಲೇ. ಸಾರಿಗೆ ಸಚಿವಾಲಯದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ಬಹುದು, ಫಾರ್ಮ್ 4ಎ, ಶುಲ್ಕ 1000 ರೂಪಾಯಿ, ಮೇಲೊಂದಿಷ್ಟು ಸರ್ವಿಸ್ ಚಾರ್ಜ್. ಒಂದು ವರ್ಷ ನಡೆಯತ್ತೆ, ಅದಕ್ಕೆ ಮೊದಲೇ ಡಿಎಲ್ ಮುಗಿಯೋದಿದ್ರೆ ಆ ದಿನದವರೆಗೆ ಮಾತ್ರ. ಡಿಎಲ್ ಮುಗಿಯೋಕೆ ಮೂರ್ನಾಲ್ಕು ತಿಂಗಳಿದೆ ಅಂದ್ರೆ ಮೊದಲು ಅದನ್ನ ರಿನ್ಯೂ ಮಾಡಿಸ್ಕೊಂಡು ಆಮೇಲೆ ಐಡಿಪಿಗೆ ಹೋಗಿ, ಇಲ್ಲಾಂದ್ರೆ ಪೂರ್ತಿ ದುಡ್ಡು ಕೊಟ್ಟು ಮೂರು ತಿಂಗಳ ಪುಸ್ತಕ ತಗೊಂಡಂಗಾಗತ್ತೆ. 2022ರಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಮಾಡಿದ್ರು, ಕ್ಯೂಆರ್ ಕೋಡ್ ಇರತ್ತೆ. ವಿದೇಶದಲ್ಲಿರುವಾಗಲೇ ಮುಗಿದುಹೋದ್ರೆ ಅಲ್ಲಿನ ನಮ್ಮ ರಾಯಭಾರ ಕಚೇರಿ ಮೂಲಕ ಅರ್ಜಿ ಹಾಕೋಕೆ 2021ರ ಜನವರಿಯಿಂದ ಅವಕಾಶ ಇದೆ.

ಪುಸ್ತಕ ಕೈಗೆ ಬಂದ ತಕ್ಷಣ, ಆರ್‌ಟಿಓ ಆವರಣದಲ್ಲೇ ನಿಂತು, ಎ ಅನ್ನೋ ವರ್ಗದ ಎದುರು ಸೀಲ್ ಬಿದ್ದಿದ್ಯಾ ನೋಡಿ. ಮೋಟಾರ್ ಸೈಕಲ್ ಅಂದ್ರೆ ಎ, ಕಾರ್ ಅಂದ್ರೆ ಬಿ. ಬಿ ಮಾತ್ರ ಇರೋ ಪುಸ್ತಕ ಹಿಡ್ಕೊಂಡು ಹೋದ್ರೆ ಬೈಕಿನ ಮಟ್ಟಿಗೆ ನಿಮ್ಮ ಹತ್ರ ಲೈಸೆನ್ಸೇ ಇಲ್ಲ ಅಂತ ಲೆಕ್ಕ.

ಡಿಎಲ್‌ನಲ್ಲಿ ಗೇರ್ ಇಲ್ಲದ ಗಾಡಿ ಅಂತ ಮಾತ್ರ ಇದೆ, ಪರವಾಗಿಲ್ವಾ?

ಇಲ್ಲ, ಅದು ಸಾಲಲ್ಲ. ಗೇರ್ ಇರೋ ಬೈಕ್ ಓಡಿಸೋಕೆ ನಮ್ಮೂರಲ್ಲೇ ಅದು ನಡೆಯಲ್ಲ, ಹೊರಗಂತೂ ಇಲ್ವೇ ಇಲ್ಲ. ಮೊದಲು ಗೇರ್ ಇರೋ ಮೋಟಾರ್ ಸೈಕಲ್ ವರ್ಗ ಸೇರಿಸಿಕೊಳ್ಳಿ.

ಐಡಿಪಿ ಇದ್ರೆ ಎಲ್ಲಾ ದೇಶದಲ್ಲೂ ಓಡಿಸ್ಬಹುದು ತಾನೇ?

ಇಲ್ಲ. ಐಡಿಪಿಯಲ್ಲೂ ಎರಡು ಬಗೆ ಇದೆ, ಒಂದು 1949ರ ಜಿನೀವಾ ಒಪ್ಪಂದದ್ದು, ಇನ್ನೊಂದು 1968ರ ವಿಯೆನ್ನಾ ಒಪ್ಪಂದದ್ದು. ಭಾರತ ಕೊಡೋದು 1949ರದ್ದು. ವಿಯೆಟ್ನಾಂ 1968ರದ್ದನ್ನ ಮಾತ್ರ ಒಪ್ಪತ್ತೆ. ಈಗ ಬೆಂಗಳೂರಿಂದ ತುಂಬಾ ಜನ ಅಲ್ಲಿನ ಉತ್ತರದ ಬೆಟ್ಟಗಳನ್ನ ಸುತ್ತೋ ಹಾ ಜಾಂಗ್ ಲೂಪ್ ಮಾಡೋಕೆ ಹೋಗ್ತಾರೆ, ಅಂಗಡಿಯವನು ನಗ್‌ನಗ್ತಾ ಬೈಕ್ ಕೈಗೆ ಕೊಡ್ತಾನೆ, ಆದ್ರೆ ಅವನು ಕೊಟ್ಟ ಅಂದ ಮಾತ್ರಕ್ಕೆ ಕಾನೂನು ಒಪ್ಪಿದ ಹಾಗಲ್ಲ. ದಾರೀಲಿ ಪೊಲೀಸ್ ಹಿಡಿದ್ರೆ ದಂಡ ಕಟ್ತೀರಿ, ಅದು ಚಿಕ್ಕ ವಿಷಯ. ಆಕ್ಸಿಡೆಂಟ್ ಆದ್ರೆ ಲೈಸೆನ್ಸ್ ಇಲ್ಲದೆ ಓಡಿಸಿದ್ದೀರಿ ಅಂತ ಟ್ರಾವೆಲ್ ಇನ್ಶೂರೆನ್ಸ್‌ನವರು ಆಸ್ಪತ್ರೆ ಖರ್ಚು ಕೊಡಲ್ಲ, ದೊಡ್ಡದು ಅದು. ಅಲ್ಲಿನ ಸ್ಥಳೀಯ ರೈಡರ್ ಹಿಂದೆ ಕೂತು ಲೂಪ್ ಮಾಡೋ ವ್ಯವಸ್ಥೆ ಇದೆ, ನಾನು ಅದನ್ನೇ ಹೇಳ್ತೀನಿ.

ಚೀನಾದಲ್ಲಿ ಯಾವ ಐಡಿಪಿಯೂ ನಡೆಯಲ್ಲ, ಅವರದೇ ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ನಂಬರ್ ಪ್ಲೇಟು, ಜೊತೆಗೊಬ್ಬ ಗೈಡು, ಎಲ್ಲಾ ಮೊದಲೇ ಏಜೆನ್ಸಿ ಮೂಲಕ ಆಗಿರ್ಬೇಕು. ಶ್ರೀಲಂಕಾದಲ್ಲಿ ಐಡಿಪಿ ಒಂದೇ ಸಾಲಲ್ಲ, ಅಲ್ಲಿ ಅದಕ್ಕೆ ಮಾನ್ಯತೆ ಹಾಕಿಸ್ಕೋಬೇಕು ಇಲ್ಲಾ ಅವರ ತಾತ್ಕಾಲಿಕ ಪರ್ಮಿಟ್ ತಗೋಬೇಕು. ಬ್ರಿಟನ್ ಸುಲಭ, ನಮ್ಮ ಪೂರ್ಣ ಡಿಎಲ್ ಮೇಲೇನೇ 12 ತಿಂಗಳವರೆಗೆ ಓಡಿಸ್ಬಹುದು. ಇನ್ನೊಂದು, ಐಡಿಪಿ ಅನ್ನೋದು ನಿಮ್ಮ ಡಿಎಲ್‌ನ ಅನುವಾದ ಅಷ್ಟೇ, ಒರಿಜಿನಲ್ ಡಿಎಲ್ ಕಾರ್ಡ್ ಮನೇಲಿ ಬಿಟ್ಟು ಹೋದ್ರೆ ಅದಕ್ಕೆ ಬೆಲೆ ಇಲ್ಲ.

ಡಿಜಿಲಾಕರ್‌ನಲ್ಲಿ ಎಲ್ಲಾ ಇದೆಯಲ್ಲ?

ಗಡಿ ಆಚೆ ಡಿಜಿಲಾಕರ್ ನಂಬ್ಕೊಂಡು ಹೋಗ್ಬೇಡಿ. ಒರಿಜಿನಲ್ ಆರ್‌ಸಿ, ಒರಿಜಿನಲ್ ಡಿಎಲ್, ಇನ್ಶೂರೆನ್ಸ್ ಪ್ರಿಂಟು, ಹೊಗೆ ತಪಾಸಣೆ ಸರ್ಟಿಫಿಕೇಟು, ಎಲ್ಲಾ ಕೈಯಲ್ಲಿರಲಿ. ಜೊತೆಗೆ ಐದೈದು ಜೆರಾಕ್ಸು.

ನೇಪಾಳಕ್ಕೆ ನಮ್ಮ ಬೈಕ್ ತಗೊಂಡು ಹೋಗೋದು ಹೇಗೆ?

ಎಲ್ಲಕ್ಕಿಂತ ಸುಲಭದ ದೇಶ, ಮೊದಲ ಸಲ ಗಡಿ ದಾಟೋರು ಇಲ್ಲಿಂದಲೇ ಶುರು ಮಾಡಿ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಇಟ್ಕೊಳ್ಳಿ, ಆಧಾರ್ ನೆಚ್ಕೋಬೇಡಿ. ನಮ್ಮ ಡಿಎಲ್ ಅಲ್ಲಿ ನಡೆಯತ್ತೆ, ಐಡಿಪಿ ಬೇಕಾಗಿಲ್ಲ. ಬೈಕಿಗೆ ಬೇಕಾಗಿರೋದು ಭನ್ಸಾರ್. ಹಾಗಂದ್ರೆ ನೇಪಾಳಿಯಲ್ಲಿ ಕಸ್ಟಮ್ಸು, ಅವರು ಕೊಡೋ ಚೀಟಿಗೂ ಜನ ಭನ್ಸಾರ್ ಅಂತಲೇ ಹೇಳ್ತಾರೆ. ಬೆಂಗಳೂರಿಂದ ಹೈದರಾಬಾದ್, ನಾಗ್ಪುರ, ಜಬಲ್ಪುರ ಆಗಿ ಗೋರಖ್‌ಪುರ ಮುಟ್ಟಿದ್ರೆ ಮುಂದೆ ಸುನೌಲಿ ಗಡಿ. ರಕ್ಸೌಲ್, ರೂಪೈಡಿಹಾ, ಬನಬಸಾ, ಪಾನಿಟಂಕಿ ಕಡೆಯಿಂದಲೂ ಹೋಗ್ಬಹುದು. ನಡ್ಕೊಂಡು ಹೋಗೋರನ್ನ ಯಾರೂ ತಡೆಯಲ್ಲ, ಬೈಕಲ್ಲಿ ಹೋಗೋರನ್ನೂ ಎಷ್ಟೋ ಸಲ ತಡೆಯಲ್ಲ, ಹಾಗಾಗಿ ಜನ ಜಾಲಿಯಾಗಿ ಸೀದಾ ಒಳಗೆ ಹೋಗಿಬಿಡ್ತಾರೆ. ಹಾಗೆ ಮಾಡ್ಬೇಡಿ. ಗೇಟ್ ದಾಟಿದ ತಕ್ಷಣ ಭನ್ಸಾರ್ ಆಫೀಸ್ ಹುಡುಕಿ, ಎಷ್ಟು ದಿನ ಇರ್ತೀರೋ ಅಷ್ಟು ದಿನದ ದುಡ್ಡು ಕಟ್ಟಿ, ಚೀಟಿ ತಗೊಳ್ಳಿ. ದಿನದ ಲೆಕ್ಕದಲ್ಲಿ ಶುಲ್ಕ, ವರ್ಷಕ್ಕೆ ಒಟ್ಟು 30 ದಿನದ ಮಿತಿ. ನಮ್ಮ 100 ರೂಪಾಯಿ ಅಂದ್ರೆ ಅವರ 160.

ಈಗ ಆ ಚೀಟಿಯ ಬಗ್ಗೆ ಒಂದು ಮಾತು. ಅದರ ಮೇಲೆ ಇರೋ ತಾರೀಕು ನಮ್ಮ ಕ್ಯಾಲೆಂಡರಿಂದಲ್ಲ, ವಿಕ್ರಮ ಶಕೆಯದ್ದು. ನಮ್ಮ ಇಸವಿಗಿಂತ 56, 57 ವರ್ಷ ಮುಂದೆ, ತಿಂಗಳುಗಳು ಸೌರಮಾನದವು, ಏಪ್ರಿಲ್ ಮಧ್ಯಕ್ಕೆ ಬೈಶಾಖ ಶುರು, ಅಕ್ಟೋಬರ್ ಮಧ್ಯಕ್ಕೆ ಕಾರ್ತಿಕ. ಹೆಸರು ಪರಿಚಯದ್ದು ಅಂತ ನಮ್ಮ ಪಂಚಾಂಗದ ಕಾರ್ತಿಕಕ್ಕೆ ತಾಳೆ ಹಾಕಿದ್ರೆ ತಪ್ಪಾಗತ್ತೆ. ನನ್ನ ಮೊದಲ ಟ್ರಿಪ್‌ನಲ್ಲಿ ಏಳು ದಿನಕ್ಕೆ ಕಟ್ಟಿದ್ದೆ, ಚೀಟೀಲಿ ನಾಗರಿ ಅಂಕಿಯಲ್ಲಿ ಪೆನ್ನಿಂದ ಬರೆದಿದ್ರು, ಮಳೆ ನೀರು ಬಿದ್ದು ಕೊನೆಯ ಅಂಕಿ ಅರ್ಧ ಕಲಸಿಹೋಗಿತ್ತು. ಒಳಗೆ ಬಂದ ದಿನಾನ ಬಿಟ್ಟು ಮಾರನೇ ದಿನದಿಂದ ನಾನು ಎಣಿಸಿದ್ದೆ, ಅವರು ಬಂದ ದಿನವನ್ನೂ ಸೇರಿಸಿ ಎಣಿಸಿದ್ರು. ವಾಪಸ್ ಬರುವಾಗ ಒಂದು ದಿನ ಜಾಸ್ತಿ ಅಂತ ಬೈಕ್ ಪಕ್ಕಕ್ಕೆ ಹಾಕ್ಸಿದ್ರು, ದಂಡ ಕಟ್ಟಿ, ಅರ್ಧ ದಿನ ಬಿಸಿಲಲ್ಲಿ ಕಾದು ಹೊರಗೆ ಬಂದೆ. ಅವತ್ತಿಂದ ಚೀಟಿ ಕೈಗೆ ಬಂದ ತಕ್ಷಣ ಮಾಡೋ ಕೆಲಸ ಒಂದೇ: ಇದು ಇಂಗ್ಲಿಷ್ ತಾರೀಕಲ್ಲಿ ಯಾವ ದಿನ ಅಂತ ಕೌಂಟರಲ್ಲಿ ಕೇಳಿ, ಅವರ ಮುಂದೇನೇ ಹಿಂದುಗಡೆ ಬರ್ಕೊಂಡು, ಫೋಟೋ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿಡೋದು. ಒಂದೆರಡು ದಿನ ಜಾಸ್ತೀನೇ ಕಟ್ಟಿಬಿಡಿ, ಬೆಟ್ಟದ ರಸ್ತೆಲಿ ಭೂಕುಸಿತ ಆದ್ರೆ ಎಲ್ಲಿ ಎಷ್ಟು ದಿನ ನಿಲ್ಲಿಸ್ತಾರೋ ಹೇಳೋಕಾಗಲ್ಲ.

ಮುಕ್ತಿನಾಥಕ್ಕೆ ಬೈಕಲ್ಲಿ ಹೋಗೋಕೆ ಇನ್ನೇನಾದ್ರೂ ಪರ್ಮಿಟ್ ಇದ್ಯಾ?

ಇದೆ. ಪೋಖರಾ ದಾಟಿ ಜೋಮ್ಸೋಮ್ ಕಡೆ ಹೋಗೋ ದಾರಿ ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ಬರತ್ತೆ, ಅದರ ಪ್ರವೇಶ ಪರ್ಮಿಟ್ ತಗೋಬೇಕು, ನಮ್ಮಂಥ ಸಾರ್ಕ್ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ದರ. ಸಾಲಿಗ್ರಾಮಕ್ಕೆ, ದರ್ಶನಕ್ಕೆ ಅಂತ ನಮ್ಮ ಕಡೆಯ ಹಿರಿಯರು ತುಂಬಾ ಜನ ಹೋಗೋ ಜಾಗ ಅದು, ಅವರಿಗೂ ಈ ಪರ್ಮಿಟ್ ಅನ್ವಯಿಸತ್ತೆ. ಕಾಗ್‌ಬೇನಿಯಿಂದ ಮೇಲೆ, ಅಪ್ಪರ್ ಮುಸ್ತಾಂಗ್‌ಗೆ, ನಿರ್ಬಂಧಿತ ಪ್ರದೇಶದ ಪರ್ಮಿಟ್ ಬೇರೆ, ಡಾಲರ್ ಲೆಕ್ಕದಲ್ಲಿ, ದುಬಾರಿ. ಭಾರತೀಯರು ಅಂತ ಅದರಲ್ಲಿ ರಿಯಾಯಿತಿ ಇಲ್ಲ.

ಬೈಕ್ ಅಲ್ಲೇ ಕೆಟ್ಟು ನಿಂತ್ರೆ ಬಿಟ್ಟು ಬಸ್ಸಲ್ಲಿ ಬರಬಹುದಾ? ಅಲ್ಲೇ ಮಾರಿಬಿಟ್ರೆ?

ಎರಡೂ ಕೂಡದು. ಲಾರಿ ಮೇಲೆ ಹಾಕ್ಕೊಂಡಾದ್ರೂ ಆ ಬೈಕ್ ಗಡಿ ದಾಟಿ ವಾಪಸ್ ಬರಲೇಬೇಕು. ದಿನ ಮುಗಿಯೋ ಹಾಗಿದ್ರೆ ಮುಗಿಯೋಕೆ ಮುಂಚೆ ಹತ್ತಿರದ ಕಸ್ಟಮ್ಸ್ ಆಫೀಸಿಗೆ ಹೋಗಿ ವಿಷಯ ಹೇಳಿ, ಮುಗಿದ್ಮೇಲೆ ಹೋದ್ರೆ ಅವರು ಮಾತಾಡೋ ಧಾಟಿನೇ ಬೇರೆ ಆಗಿರತ್ತೆ.

ಭೂತಾನ್?

ಜೈಗಾಂವ್ ದಾಟಿದ್ರೆ ಫುಂಟ್‌ಶೋಲಿಂಗ್. ವೀಸಾ ಬೇಡ, ಆದ್ರೆ ಪ್ರವೇಶ ಪರ್ಮಿಟ್ ಬೇಕು, ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಮೇಲೆ. 2022ರ ಸೆಪ್ಟೆಂಬರಿಂದ ಭಾರತೀಯರಿಗೂ ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಅಭಿವೃದ್ಧಿ ಶುಲ್ಕ ಇದೆ, ಇಬ್ಬರು ಐದು ರಾತ್ರಿ ಇದ್ರೆ 12,000 ಆಗೋಯ್ತು. ಬೈಕಿನ ಪರ್ಮಿಟ್ ಬೇರೆ ಮಾಡಿಸ್ಬೇಕು, ಅದು ಆಫೀಸ್ ಟೈಮಲ್ಲಿ ಮಾತ್ರ, ಹಾಗಾಗಿ ಶನಿವಾರ ಭಾನುವಾರ ಅಲ್ಲಿ ತಲುಪೋ ಹಾಗೆ ಪ್ಲಾನ್ ಹಾಕ್ಬೇಡಿ.

ಬೈಕ್ ಅಪ್ಪನ ಹೆಸರಲ್ಲಿದೆ. ಇನ್ನೊಬ್ಬ ಗೆಳೆಯನ ಬೈಕ್ ಲೋನ್‌ನಲ್ಲಿದೆ.

ಅಪ್ಪನ ಹೆಸರಲ್ಲಿದ್ರೆ, ಇಂಥ ನಂಬರಿನ ಬೈಕನ್ನ ಇಂಥ ಪಾಸ್‌ಪೋರ್ಟ್ ಇರೋ ನನ್ನ ಮಗ ಇಂಥ ದೇಶಕ್ಕೆ ತಗೊಂಡು ಹೋಗೋಕೆ ನನ್ನ ಒಪ್ಪಿಗೆ ಇದೆ ಅಂತ ಇಂಗ್ಲಿಷಲ್ಲಿ ಬರೆಸಿ ನೋಟರಿ ಮಾಡಿಸಿ. ಲೋನ್ ಇದ್ರೆ ಬ್ಯಾಂಕಿಂದ ಅಥವಾ ಫೈನಾನ್ಸ್‌ನವರಿಂದ ಒಪ್ಪಿಗೆ ಪತ್ರ, ಯಾಕಂದ್ರೆ ಸಾಲ ತೀರೋವರೆಗೆ ಗಾಡಿ ಮೇಲೆ ಅವರ ಹಕ್ಕೂ ಇರತ್ತೆ. ಇನ್ನೂ ಒಂದು, ಆರ್‌ಸಿಯಲ್ಲಿರೋ ಬಣ್ಣ, ಎಂಜಿನ್ ನಂಬರ್, ಚಾಸಿ ನಂಬರ್ ಬೈಕಿಗೆ ತಾಳೆ ಆಗ್ಬೇಕು. ನೀಲಿ ಬೈಕಿಗೆ ಕಪ್ಪು ಸ್ಟಿಕ್ಕರ್ ಸುತ್ತಿಸಿದ್ರೆ ಅದನ್ನ ಹೊರಡೋಕೆ ಮುಂಚೆ ಸರಿಮಾಡ್ಕೊಳ್ಳಿ.

ಕಾರ್ನೆಟ್ ಅಂದ್ರೆ ಏನು? ಎಲ್ಲರೂ ಹೆದರಿಸ್ತಾರೆ.

ಹೆದರೋ ವಿಷಯ ಅಲ್ಲ, ಆದ್ರೆ ಗೌರವ ಕೊಡ್ಬೇಕಾದ ವಿಷಯ. ಪೂರ್ತಿ ಹೆಸರು ಕಾರ್ನೆಟ್ ದ ಪಸಾಜ್ ಆಂ ದುವಾನ್, ನಿಮ್ಮ ಬೈಕಿನ ಪಾಸ್‌ಪೋರ್ಟ್ ಅಂದ್ಕೊಳ್ಳಿ. ಇರಾನ್, ಪಾಕಿಸ್ತಾನ, ಈಜಿಪ್ಟ್, ಆಸ್ಟ್ರೇಲಿಯಾ ಥರದ ದೇಶಗಳಿಗೆ ಬೇಕಾಗೋದು ಇದು. ಯೂರೋಪಿಗೆ ಬೇಡ, ಮಧ್ಯ ಏಷ್ಯಾದ ದೇಶಗಳಲ್ಲಿ ಗಡೀಲೇ ತಾತ್ಕಾಲಿಕ ಆಮದು ಚೀಟಿ ಕೊಡ್ತಾರೆ. ಭಾರತದಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕಾರ್ನೆಟ್ ಕೊಡತ್ತೆ. ಬೈಕಿನ ಬೆಲೆ, ಹೋಗೋ ದೇಶಗಳು ನೋಡಿ ಡಿಪಾಸಿಟ್ ಇಲ್ಲಾ ಬ್ಯಾಂಕ್ ಗ್ಯಾರಂಟಿ ಕೇಳ್ತಾರೆ, ಒಂದು ವರ್ಷ ಚಾಲ್ತಿ. ನೀವು ಬೈಕನ್ನ ಅಲ್ಲೇ ಬಿಟ್ಟು ಬಂದ್ರೆ ಆ ದೇಶದ ಕಸ್ಟಮ್ಸ್ ಇಲಾಖೆ ಈ ಅಸೋಸಿಯೇಷನ್ ಹತ್ರ ಸುಂಕ ವಸೂಲಿ ಮಾಡತ್ತೆ, ಅಸೋಸಿಯೇಷನ್ ನಿಮ್ಮ ಗ್ಯಾರಂಟಿಯಿಂದ ಅದನ್ನ ಹಿಡ್ಕೊಳತ್ತೆ.

ಪುಸ್ತಕದ ಒಂದು ಹಾಳೆ ಒಂದು ದೇಶಕ್ಕೆ. ಹಾಳೆಯಲ್ಲಿ ಮೂರು ಭಾಗ. ಒಂದು ಭಾಗ ಒಳಗೆ ಹೋಗುವಾಗ ಹರ್ಕೊಳೋದು, ಇನ್ನೊಂದು ಹೊರಗೆ ಬರುವಾಗ ಹರ್ಕೊಳೋದು, ಮೂರನೇದು ಪುಸ್ತಕದಲ್ಲೇ ಉಳಿಯೋದು. ಆ ಉಳಿಯೋ ಭಾಗದಲ್ಲಿ ಎರಡು ಸೀಲು ಬಿದ್ದಿರ್ಬೇಕು, ಬಂದಿದ್ದಕ್ಕೊಂದು, ಹೋಗಿದ್ದಕ್ಕೊಂದು. ಈ ಎರಡನೇ ಸೀಲೇ ನಿಮ್ಮ ಡಿಪಾಸಿಟ್. ರಾತ್ರಿ ಪಾಳಿಯ ಹೊಸ ಹುಡುಗ ಅಧಿಕಾರಿಗೆ ಈ ಪುಸ್ತಕ ಗೊತ್ತಿಲ್ಲದೇನೂ ಇರಬಹುದು, ಅವನು ಪಾಸ್‌ಪೋರ್ಟಿಗೆ ಮಾತ್ರ ಸೀಲ್ ಹಾಕಿ ಹೋಗಿ ಅಂತಾನೆ. ಹೋಗ್ಬೇಡಿ. ಪುಸ್ತಕ ತೆಗೆದು, ಖಾಲಿ ಇರೋ ಜಾಗದ ಮೇಲೆ ಬೆರಳಿಟ್ಟು, ಸೀಲು, ಸಹಿ, ತಾರೀಕು ಮೂರೂ ಬೀಳೋವರೆಗೆ ಅಲ್ಲೇ ನಿಲ್ಲಿ. ವಿನಯವಾಗಿ ಕೇಳಿ, ಆದ್ರೆ ಜಗ್ಗಬೇಡಿ.

ಹೊರಗೆ ಬರುವಾಗಿನ ಸೀಲ್ ಹಾಕಿಸೋದು ಮರೆತೇ ಹೋಯ್ತು, ಈಗೇನು?

ಜೊತೆಯಲ್ಲಿ ಬಂದಿದ್ದ ಗೆಳೆಯನಿಗೆ ಹೀಗೇ ಆಯ್ತು, ಮಳೆ, ಸಂಜೆ, ಹಿಂದೆ ಲಾರಿಗಳ ಹಾರ್ನು, ಗಡಿ ದಾಟಿ 40 ಕಿಲೋಮೀಟರ್ ಬಂದ್ಮೇಲೆ ಟೀ ಅಂಗಡೀಲಿ ನೋಡ್ಕೊಂಡ್ರೆ ಜಾಗ ಖಾಲಿ. ಸಾಧ್ಯ ಇದ್ರೆ ತಕ್ಷಣ ವಾಪಸ್ ಹೋಗಿ, ನಾವು ಅದೇ ಮಾಡಿದ್ವಿ. ಆಗದಿದ್ರೆ ಪುಸ್ತಕದ ಕೊನೇಲಿ ಬೈಕ್ ಈಗ ಎಲ್ಲಿದೆ ಅನ್ನೋದಕ್ಕೆ ಪ್ರಮಾಣಪತ್ರದ ಜಾಗ ಇದೆ, ಬೈಕ್ ಊರಿಗೆ ಬಂದಮೇಲೆ ಕಸ್ಟಮ್ಸ್‌ನಂಥ ಅಧಿಕಾರಿಗಳು ಕಣ್ಣಾರೆ ನೋಡಿ ಅದಕ್ಕೆ ಸಹಿ ಹಾಕ್ಬೇಕು. ಗ್ಯಾರಂಟಿ ಬಿಡಿಸ್ಕೊಳ್ಳೋಕೆ ಅದೊಂದು ದಾರಿ, ಓಡಾಟ ಮಾತ್ರ ತುಂಬಾ.

ನಮ್ಮ ಇನ್ಶೂರೆನ್ಸ್ ಹೊರಗೆ ನಡೆಯತ್ತಾ?

ಸುಮ್ನೆ ನಡೆಯಲ್ಲ. ಪಾಲಿಸಿಯ ವ್ಯಾಪ್ತಿ ಭಾರತ ಮಾತ್ರ. ಭೌಗೋಳಿಕ ವಿಸ್ತರಣೆ ಅಂತ ಒಂದು ಎಂಡಾರ್ಸ್‌ಮೆಂಟ್ ಇದೆ, ಐಎಂಟಿ 1 ಅಂತಾರೆ, ಸ್ವಲ್ಪ ಪ್ರೀಮಿಯಂ ಸೇರಿಸಿ ಕಟ್ಟಿದ್ರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಇದಕ್ಕೆ ಸೇರ್ಕೊಳತ್ತೆ. ಆನ್‌ಲೈನಲ್ಲಿ ಪಾಲಿಸಿ ತಗೊಳೋರ ಕಣ್ಣಿಗೆ ಈ ಆಯ್ಕೆ ಬೀಳೋದೇ ಕಮ್ಮಿ, ಕಂಪನಿಗೆ ಫೋನ್ ಮಾಡಿ ಬಾಯಿಬಿಟ್ಟು ಕೇಳ್ಬೇಕು. ನೇಪಾಳಕ್ಕೆ ಹೋಗೋ ಹತ್ತು ಜನರಲ್ಲಿ ಇದನ್ನ ಮಾಡಿಸಿದವರು ಒಬ್ಬರು ಸಿಕ್ಕಿದ್ರೆ ಹೆಚ್ಚು, ನನಗೆ ನಿಜಕ್ಕೂ ಸಂಕಟ ಆಗೋ ವಿಷಯ ಇದು.

ಯೂರೋಪಲ್ಲಿ ಗ್ರೀನ್ ಕಾರ್ಡ್ ಅನ್ನೋ ಥರ್ಡ್ ಪಾರ್ಟಿ ವ್ಯವಸ್ಥೆ. ಹೆಸರು ಗ್ರೀನ್ ಆದ್ರೂ 2020ರ ಜುಲೈಯಿಂದ ಬಿಳಿ ಹಾಳೇಲಿ ಪ್ರಿಂಟ್ ಮಾಡಿದ್ರೂ ನಡೆಯತ್ತೆ. ಭಾರತ ಆ ವ್ಯವಸ್ಥೆಯಲ್ಲಿ ಇಲ್ಲ, ಹಾಗಾಗಿ ನಮ್ಮ ಕಂಪನಿಗಳು ಅದನ್ನ ಕೊಡೋಕಾಗಲ್ಲ. ಯೂರೋಪಿಯನ್ ಯೂನಿಯನ್ ಒಳಗೆ ಹೋಗುವಾಗ ಗಡೀಲಿ ಸಿಗೋ ಫ್ರಾಂಟಿಯರ್ ಇನ್ಶೂರೆನ್ಸ್ ತಗೋಬೇಕು, ಟರ್ಕಿಯಿಂದ ಬಲ್ಗೇರಿಯಾಗೆ ದಾಟೋ ಕಡೆ ರೈಡರ್‌ಗಳು ಮಾಡೋದು ಅದನ್ನೇ. ಇದು ಬೈಕಿಗೆ. ನಿಮ್ಮ ಮೈಗೆ ಬೇರೆ: ಯೂರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿರೋ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರೋ ಮೆಡಿಕಲ್ ಪಾಲಿಸಿ ಕಡ್ಡಾಯ, ಅದರಲ್ಲಿ ಬೈಕ್ ರೈಡಿಂಗ್ ಸೇರಿದ್ಯಾ, ಸಿಸಿ ಮಿತಿ ಇದ್ಯಾ ಅಂತ ಚಿಕ್ಕ ಅಕ್ಷರದಲ್ಲಿರೋದನ್ನ ಓದಿ.

ಬೆಂಗಳೂರಿಂದ ಲಂಡನ್‌ಗೆ ರಸ್ತೇಲೇ ಹೋಗ್ಬಹುದಾ?

ಈಗಿನ ಪರಿಸ್ಥಿತೀಲಿ ನೇರ ದಾರಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನಕ್ಕೆ ದಾಟೋ ಅಟಾರಿ ಗಡಿ ಮುಚ್ಚಿತು. ಪೂರ್ವಕ್ಕೆ ಮಣಿಪುರದ ಮೋರೆ, ಆಚೆಯ ತಾಮು ಆಗಿ ಮ್ಯಾನ್ಮಾರ್ ದಾಟೋ ದಾರಿಯೂ 2021ರ ಸೇನಾ ದಂಗೆ ಆದ್ಮೇಲೆ ಪ್ರವಾಸಿ ಬೈಕ್‌ಗಳಿಗೆ ಮುಚ್ಚಿದ ಹಾಗೇನೇ. ಅದು ತೆರೆದ್ರೂ ಥಾಯ್ಲೆಂಡ್‌ಗೆ ಅಲ್ಲಿನ ಏಜೆನ್ಸಿ ಮೂಲಕ ಮೊದಲೇ ಪರ್ಮಿಟ್ ಮಾಡಿಸ್ಬೇಕು, 2016ರಿಂದ ಹಾಗಿದೆ. ಉಳಿದಿರೋದು ಬೈಕನ್ನ ಹಡಗಲ್ಲೋ ವಿಮಾನದಲ್ಲೋ ಕಳಿಸಿ ಅಲ್ಲಿಂದ ಶುರು ಮಾಡೋದು, ಇಲ್ಲಾ ನೇಪಾಳ, ಟಿಬೆಟ್, ಚೀನಾ ದಾರಿ, ಅದಕ್ಕೆ ಗೈಡ್ ಖರ್ಚು ಹಂಚ್ಕೊಳೋಕೆ ಒಂದು ಗುಂಪೇ ಬೇಕು. ಯೂರೋಪಿನ ಷೆಂಗೆನ್ ದೇಶಗಳಲ್ಲಿ ನೀವು ಇರಬಹುದಾದ್ದು 180 ದಿನದಲ್ಲಿ 90 ದಿನ, ಬೈಕ್ ಇರಬಹುದಾದ್ದು ಆರು ತಿಂಗಳು. ನೋಡಿದ್ರಾ, ಇಲ್ಲೂ ಇಬ್ಬರ ಲೆಕ್ಕ ಬೇರೆ ಬೇರೆ.

ಕನ್ನಡ ನಂಬರ್ ಪ್ಲೇಟ್ ಇಟ್ಕೊಂಡು ಹೋಗ್ಬಹುದಾ?

ನನಗೂ ಕನ್ನಡ ಅಂಕಿ ಅಂದ್ರೆ ಪ್ರಾಣ. ಆದ್ರೆ 1949ರ ಒಪ್ಪಂದದ ಪ್ರಕಾರ ನಂಬರ್ ರೋಮನ್ ಅಕ್ಷರ, ಸಾಮಾನ್ಯ ಅಂಕಿಯಲ್ಲಿ ಇರಲೇಬೇಕು, ಜೊತೆಗೆ ಬೇರೆ ಲಿಪಿಯೂ ಇರಬಹುದು ಅಂತ ಅದೇ ಒಪ್ಪಂದ ಹೇಳತ್ತೆ. ಹಾಗಾಗಿ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕ್ಸಿ, ಕನ್ನಡ ಬಾವುಟ ಪ್ಯಾನಿಯರ್ (ಬೈಕ್ ಪಕ್ಕದ ಪೆಟ್ಟಿಗೆ) ಮೇಲೆ ಧಾರಾಳವಾಗಿ ಅಂಟಿಸಿ. ಹಿಂದುಗಡೆ ದೇಶದ ಗುರುತು ಬೇಕು, ಬಿಳಿ ಅಂಡಾಕಾರದ ಮೇಲೆ ಕಪ್ಪಲ್ಲಿ ಐ, ಎನ್, ಡಿ ಮೂರು ಇಂಗ್ಲಿಷ್ ಅಕ್ಷರ, ಒಂದೊಂದೂ ಕನಿಷ್ಠ 80 ಮಿಲಿಮೀಟರ್ ಎತ್ತರ.

ಯೂರೋಪಲ್ಲಿ ನಮಗೆ ಗೊತ್ತಿಲ್ಲದ ರೂಲ್ಸ್ ಏನೇನಿದೆ?

ಫ್ರಾನ್ಸಲ್ಲಿ 2016ರಿಂದ ರೈಡರ್, ಪಿಲಿಯನ್ ಇಬ್ಬರೂ ಪ್ರಮಾಣೀಕೃತ ಗ್ಲೌಸ್ ಹಾಕಿರ್ಬೇಕು, ಹೊಳೆಯೋ ಜಾಕೆಟ್ ಒಂದು ಜೊತೇಲಿರ್ಬೇಕು, ಕಿವೀಲಿ ಇಯರ್‌ಫೋನ್ 2015ರಿಂದ ನಿಷಿದ್ಧ. ಆಸ್ಟ್ರಿಯಾದಲ್ಲಿ ಬೈಕಲ್ಲೂ ಫಸ್ಟ್ ಏಡ್ ಕಿಟ್ ಕಡ್ಡಾಯ, ಹೈವೇಗೆ ವಿನ್ಯೆಟ್, ಅಂದ್ರೆ ಟೋಲ್ ಸ್ಟಿಕ್ಕರ್, ಬೇಕು. ಸ್ವಿಟ್ಜರ್ಲೆಂಡಲ್ಲೂ ವಿನ್ಯೆಟ್, 40 ಫ್ರಾಂಕ್, ವರ್ಷದ್ದು ಒಂದೇ, ಎರಡು ದಿನಕ್ಕೆ ಅಂತ ಸಿಗಲ್ಲ. ಹೆಲ್ಮೆಟ್‌ಗೆ ಯೂರೋಪಿನ ಇಸಿಇ ಮುದ್ರೆ ನೋಡ್ತಾರೆ, ಬರೀ ಐಎಸ್‌ಐ ಇರೋದನ್ನ ಬಿಟ್ಟು ಎರಡೂ ಇರೋದನ್ನ ತಗೊಳ್ಳಿ. ಇಟಲಿಯ ಹಳೇ ಊರುಗಳ ಮಧ್ಯಭಾಗದಲ್ಲಿ ಝಡ್‌ಟಿಎಲ್ (ವಾಹನಗಳಿಗೆ ಪ್ರವೇಶ ನಿರ್ಬಂಧ ಇರೋ ವಲಯ) ಬೋರ್ಡ್ ಕಂಡ್ರೆ ನಿಲ್ಲಿ, ಕ್ಯಾಮೆರಾ ಇರತ್ತೆ.

ಸೈಲೆನ್ಸರ್ ಬದಲಾಯಿಸಿದ್ದೀನಿ, ಪ್ರಾಬ್ಲಂ ಆಗತ್ತಾ?

ಆಗತ್ತೆ. ಆಸ್ಟ್ರಿಯಾದ ಟಿರೋಲ್‌ನಲ್ಲಿ ರಾಯ್ಟೆ ಸುತ್ತಮುತ್ತಲಿನ ಕೆಲವು ರಸ್ತೆಗಳಲ್ಲಿ 2020ರಿಂದ ಬೇಸಿಗೆ ತಿಂಗಳುಗಳಲ್ಲಿ ನಿಂತಲ್ಲಿನ ಶಬ್ದ 95 ಡೆಸಿಬಲ್ ಮೀರಿದ ಬೈಕ್‌ಗೆ ಪ್ರವೇಶವೇ ಇಲ್ಲ. ಕಂಪನಿ ಸೈಲೆನ್ಸರ್ ವಾಪಸ್ ಹಾಕ್ಸಿ.

ಅಲ್ಲೇ ಬಾಡಿಗೆಗೆ ತಗೊಂಡ್ರೆ ಇಷ್ಟೆಲ್ಲ ತಲೆನೋವು ಇಲ್ವಲ್ಲ?

ಬೈಕಿನ ಕಾಗದ ಅವರದ್ದು, ಲೈಸೆನ್ಸ್ ಮಾತ್ರ ನಿಮ್ಮದೇ, ಮೇಲೆ ಹೇಳಿದ್ದೆಲ್ಲ ಅದಕ್ಕೆ ಅನ್ವಯ. ಪಾಸ್‌ಪೋರ್ಟ್ ಅಡ ಇಡಬೇಡಿ, ಡಿಪಾಸಿಟ್ ದುಡ್ಡು ಕೊಡಿ. ಬಾಡಿಗೆ ಬೈಕಲ್ಲಿ ಇನ್ನೊಂದು ದೇಶಕ್ಕೆ ದಾಟೋದಿದ್ರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು.

ವಾಪಸ್ ಊರಿಗೆ ಬಂದ್ಮೇಲೆ ಮಾಡೋ ಕೆಲಸ ಏನಾದ್ರೂ ಇದ್ಯಾ?

ನೇಪಾಳ, ಭೂತಾನ್ ಆದ್ರೆ ಹೊರಗೆ ಬರುವಾಗಲೇ ಚೀಟಿ ತೋರಿಸಿ ಲೆಕ್ಕ ಮುಗಿಸಿರ್ತೀರಿ, ಅದರ ಫೋಟೋ ಇಟ್ಕೊಳ್ಳಿ, ಮುಂದಿನ ವರ್ಷ ಹೋಗುವಾಗ ಯಾರಾದ್ರೂ ಹಳೇ ಎಂಟ್ರಿ ಬಾಕಿ ಇದೆ ಅಂದ್ರೆ ತೋರ್ಸೋಕೆ ಬೇಕು. ಕಾರ್ನೆಟ್ ಆದ್ರೆ ಬಂದರಲ್ಲಿ ಬೈಕ್ ಬಿಡಿಸ್ಕೊಳ್ಳುವಾಗ ನಮ್ಮ ಕಸ್ಟಮ್ಸ್‌ನವರ ಸೀಲೂ ಬೀಳಿಸ್ಕೊಂಡು, ಎಲ್ಲಾ ಹಾಳೆಗಳನ್ನ ಸ್ಕ್ಯಾನ್ ಮಾಡಿ, ಪುಸ್ತಕವನ್ನ ಕೊಟ್ಟವರಿಗೇ ವಾಪಸ್ ಕಳಿಸಿ. ಅವರು ಹಾಳೆ ಹಾಳೆ ನೋಡಿ ಸರಿ ಇದೆ ಅಂದ್ಮೇಲೇನೇ ಬ್ಯಾಂಕ್ ಗ್ಯಾರಂಟಿ ಬಿಡೋದು.